ಬಾರಾಪೇಡೆ ಗುಹೆಯ ಬಾವಲಿ

ಬೆಳಗಾವಿ ಜಿಲ್ಲೆಯ ಪ್ರಾಣಿ ಈ ಬಾವಲಿ. ಖಾನಾಪುರ ತಾಲ್ಲೂಕಿನ ತಳೆವಾಡಿ ಬಳಿಯ ಬಾರಾಪೇಡೆ ಗುಹೆ ಇದರ ಮನೆ. 1913ರಲ್ಲಿ ಪ್ರಾಣಿಶಾಸ್ತ್ರಜ್ಞ ಓಲ್ಡ್‌ಫೀಲ್ಡ್ ಥಾಮಸ್ ಇದನ್ನು ವಿವರಿಸಿ, ರಾಟನ್ ಎಂಬ ಸಂಶೋಧಕರ ಹೆಸರಿಟ್ಟರು. ಆಮೇಲೆ ದಶಕಗಳ ಕಾಲ ಜಗತ್ತಿನಲ್ಲಿ ಗೊತ್ತಿದ್ದ ನೆಲೆ ಈ ಗುಹೆಯೊಂದೇ; ಕಾಂಬೋಡಿಯಾ, ಮೇಘಾಲಯಗಳಲ್ಲಿ ಕಂಡದ್ದು ಬಹಳ ಕಾಲದ ನಂತರ.

ಮೊದಲು ಕಣ್ಣಿಗೆ ಬೀಳುವುದು ಕಿವಿ: ದೊಡ್ಡವು, ಮೂತಿಯತ್ತ ಮುಂಚಾಚಿ ಹಣೆಯ ಮೇಲೆ ಒಂದಕ್ಕೊಂದು ಕೂಡಿಕೊಂಡವು. ಹೊಳಪಿನ ಕಡುಕಂದು ಬೆನ್ನು, ಕತ್ತಿನ ಹಿಂದೆ ಮಾಸಲು ಪಟ್ಟಿ, ಪೊರೆ ದಾಟಿ ಹೊರಚಾಚಿದ ಬಾಲ. ತಿನ್ನುವುದು ಕೀಟಗಳನ್ನು, ಹಣ್ಣಿನ ತೋಟದವರು ಇದನ್ನು ದೂರುವಂತಿಲ್ಲ.

ಗುಹೆಯೊಳಗೆ ಟಾರ್ಚು, ಹೊಗೆ, ಗದ್ದಲ ಹೊಕ್ಕರೆ ಬಾವಲಿಗಳು ಬೆದರಿ ನೆಲೆ ಬಿಡುತ್ತವೆ. ಈ ಬಾವಲಿಗೆ 1972ರ ವನ್ಯಜೀವಿ ಕಾಯ್ದೆಯ ರಕ್ಷಣೆಯಿದೆ. ಗುಹೆಯಿರುವ ಕಾಡು 2011ರಲ್ಲಿ ಭೀಮಗಡ ವನ್ಯಜೀವಿಧಾಮವಾಯಿತು. ಅರಣ್ಯ ಇಲಾಖೆಯ ಅನುಮತಿಯಿಲ್ಲದೆ ಗುಹೆಯತ್ತ ಹೋಗಬೇಡಿ.