ಪಟ್ಟಿಯೊಳಗಿನ ಮನೆ: ವಲಸೆಯ ಸಾಮಾನು ಮತ್ತು ಸುಂಕದ ಕಾನೂನು

1905ರಲ್ಲಿ ತಂಜಾವೂರು ಕಡೆಯ ಪಂಡಿತರೊಬ್ಬರು ಮೈಸೂರಿನ ಓರಿಯಂಟಲ್ ಲೈಬ್ರರಿಗೆ ತಾಳೆಗರಿಯ ಕಟ್ಟೊಂದನ್ನು ತಂದೊಪ್ಪಿಸಿದರು. ಗ್ರಂಥಪಾಲಕರಾಗಿದ್ದ ಆರ್. ಶಾಮಶಾಸ್ತ್ರಿಗಳು ಆ ಗರಿಗಳಲ್ಲಿದ್ದುದು ಕೌಟಿಲ್ಯನ ‘ಅರ್ಥಶಾಸ್ತ್ರ’ವೆಂದು ಗುರುತಿಸಿ, 1909ರಲ್ಲಿ ಅದನ್ನು ಅಚ್ಚು ಹಾಕಿಸಿದರು. ರಾಜನೀತಿಯ ಗ್ರಂಥವೆಂದು ಹೆಸರಾದ ಆ ಪುಸ್ತಕದ ಎರಡನೆಯ ಅಧಿಕರಣದಲ್ಲಿ ಶುಲ್ಕಾಧ್ಯಕ್ಷನಿಗೆಂದೇ ಒಂದು ಅಧ್ಯಾಯವಿದೆ. ಊರ ಹೆಬ್ಬಾಗಿಲ ಹತ್ತಿರ ಬಾವುಟ ನೆಟ್ಟ ಸುಂಕದ ಕಟ್ಟೆ. ಅಲ್ಲಿ ಕುಳಿತ ನಾಲ್ಕೈದು ಜನ ಬಂದವರು ಯಾರು, ಎಲ್ಲಿಂದ ಬಂದರು, ತಂದ ಸರಕೆಷ್ಟು, ಮುದ್ರೆ ಬಿದ್ದದ್ದೆಲ್ಲಿ ಎಂದು ಬರೆದುಕೊಳ್ಳುತ್ತಾರೆ. ಇಂದಿನ ಕಸ್ಟಮ್ಸ್ ನಮೂನೆ ಕೇಳುವುದೂ ಹೆಚ್ಚುಕಡಿಮೆ ಇದನ್ನೇ.

ಅದೇ ಅಧ್ಯಾಯದಲ್ಲಿ ಸುಂಕವಿಲ್ಲದೆ ಬಿಡಬೇಕಾದ ಸಾಮಾನುಗಳ ಪಟ್ಟಿಯೂ ಇದೆ. ಮದುವೆಗೆ ಬೇಕಾದದ್ದು, ಹೆಣ್ಣು ಗಂಡನ ಮನೆಗೆ ಒಯ್ಯುವುದು, ಉಡುಗೊರೆ, ಯಜ್ಞ, ಬಾಣಂತನ, ದೇವರ ಪೂಜೆ, ಚೌಲ, ಉಪನಯನ ಇವಕ್ಕೆ ಸೇರಿದ ವಸ್ತುಗಳಿಗೆ ಸುಂಕವಿಲ್ಲ. ಸುಳ್ಳು ಹೇಳಿ ಈ ವಿನಾಯಿತಿ ಪಡೆದವನಿಗೆ ಮಾತ್ರ ಕಳ್ಳನಿಗೆ ವಿಧಿಸುವ ದಂಡ. ಮಾರುವ ಸರಕು ಬೇರೆ, ಬದುಕಿಗೆ ಬೇಕಾದ ಸಾಮಾನು ಬೇರೆ ಎಂಬ ತಿಳಿವಳಿಕೆ ಇಷ್ಟು ಹಳೆಯದು. ವಿದೇಶಕ್ಕೆ ಮನೆ ಸಾಗಿಸುವ ಇಂದಿನ ಕುಟುಂಬಗಳಿಗೆ ಸಿಗುವ ಸುಂಕ ವಿನಾಯಿತಿಯೂ ಇದೇ ತಿಳಿವಳಿಕೆಯ ಮೇಲೆ ನಿಂತಿದೆ.

ಆದರೆ ಪ್ರಶ್ನೆ ಬದಲಾಗಿದೆ. ಕೌಟಿಲ್ಯನ ಅಧಿಕಾರಿ ‘ಈ ವಸ್ತು ಯಾವ ಕಾರ್ಯಕ್ಕೆ’ ಎಂದು ಕೇಳುತ್ತಿದ್ದ. ಇಂದಿನ ಕಾನೂನು ಕೇಳುವುದು ಮೂರನ್ನು: ಎಷ್ಟು ದಿನ ಬಳಸಿದ್ದೀರಿ, ಯಾವುದರಿಂದ ಮಾಡಿದ್ದು, ಎಷ್ಟು ಹಳೆಯದು. ಯಾರ ಕೈಯಿಂದ ಬಂತು, ಯಾರ ನೆನಪಿಗೆ ಇಟ್ಟುಕೊಂಡದ್ದು ಎಂಬುದಕ್ಕೆ ನಮೂನೆಯಲ್ಲಿ ಜಾಗವಿಲ್ಲ. ‘ಸುಂಕದವನ ಮುಂದೆ ಸುಖದುಃಖ’ ಎಂಬ ಗಾದೆ ಕನ್ನಡದಲ್ಲಿ ಸುಮ್ಮನೆ ಹುಟ್ಟಿದ್ದಲ್ಲ. ಪೆರ್ಜುಂಕ, ವಡ್ಡರಾವುಳ, ಬಿಲ್ಕೊಡೆ ಎಂದು ಬಗೆಬಗೆಯ ಸುಂಕಗಳ ಹೆಸರನ್ನು ಕಲ್ಲಿನಲ್ಲಿ ಕೆತ್ತಿಸಿಟ್ಟ ನಾಡು ಇದು. ಕನ್ನಡದ ಮನೆಯೊಂದು ಕಂಟೇನರ್ ಹತ್ತುವಾಗ ಈ ಮೂರು ಪ್ರಶ್ನೆಗಳು ಯಾವ ಯಾವ ಸಾಮಾನಿನ ಮೇಲೆ ಹೇಗೆ ಬೀಳುತ್ತವೆ ಎಂಬುದೇ ಈ ಲೇಖನದ ವಿಷಯ.

ಬಳಕೆಯ ಪ್ರಶ್ನೆ ಎಲ್ಲಕ್ಕಿಂತ ಸುಲಭದ್ದು. ಅಮೆರಿಕದಲ್ಲಿ ಮನೆಯ ಪೀಠೋಪಕರಣ, ಪಾತ್ರೆ, ಪುಸ್ತಕಗಳನ್ನು ಹೊರದೇಶದಲ್ಲಿ ಕನಿಷ್ಠ ಒಂದು ವರ್ಷ ಬಳಸಿದ್ದರೆ ಸುಂಕವಿಲ್ಲ. 3299 ಎಂಬ ಸಂಖ್ಯೆಯ ನಮೂನೆಯಲ್ಲಿ ಹಾಗೆಂದು ಘೋಷಿಸಬೇಕು. ಆಸ್ಟ್ರೇಲಿಯದ್ದೂ ಹನ್ನೆರಡು ತಿಂಗಳ ಲೆಕ್ಕ. ಬ್ರಿಟನ್ನಿನಲ್ಲಿ ಆರು ತಿಂಗಳ ಬಳಕೆ ಸಾಕು. ಆದರೆ ಹೋಗುವವರು ಅಲ್ಲಿಗೆ ಹೋಗುವ ಮೊದಲು ಹನ್ನೆರಡು ತಿಂಗಳು ಒಂದೇ ಸಮನೆ ಬ್ರಿಟನ್ನಿನ ಹೊರಗೆ ನೆಲೆಸಿರಬೇಕು. ‘ಟಿಓಆರ್ 1’ ಎಂಬ ಅರ್ಜಿ ಹಾಕಿ ಮುಂಚೆಯೇ ಒಪ್ಪಿಗೆಯ ಸಂಖ್ಯೆ ಪಡೆಯಬೇಕು. ಹೊರಡುವ ಹಿಂದಿನ ವಾರ ಬೆಂಗಳೂರಿನ ಅವೆನ್ಯೂ ರಸ್ತೆಯಲ್ಲೋ ಚಿಕ್ಕಪೇಟೆಯಲ್ಲೋ ಹೊಸ ಪಾತ್ರೆ, ಹೊಸ ಸೀರೆಗಳನ್ನು ರಾಶಿ ಕೊಂಡು ಡಬ್ಬಕ್ಕೆ ತುಂಬುವ ಅಭ್ಯಾಸ ಸರಿಯಾಗಿ ಇಲ್ಲಿ ಎಡವುತ್ತದೆ. ಲೇಬಲ್ ಕೀಳದ ಕುಕ್ಕರ್ ಕಾನೂನಿನ ಕಣ್ಣಿಗೆ ಮನೆಯ ಸಾಮಾನಾಗಿ ಕಾಣುವುದಿಲ್ಲ, ಅಂಗಡಿಯ ಸರಕಾಗಿ ಕಾಣುತ್ತದೆ.

ಸಾಮಾನು ಕಟ್ಟುವ ದಿನ ಮನೆಯಲ್ಲಿ ನಡೆಯುವುದನ್ನು ಹತ್ತಿರದಿಂದ ನೋಡಿದವರಿಗೆ ತೊಡಕಿನ ಬೇರು ಎಲ್ಲಿದೆ ಎಂಬುದು ಗೊತ್ತು. ಪ್ಯಾಕರ್‌ಗಳು ಬೆಳಿಗ್ಗೆ ಒಂಬತ್ತಕ್ಕೆ ಬರುತ್ತಾರೆ. ರಟ್ಟಿನ ಪೆಟ್ಟಿಗೆಗಳನ್ನು ಬಿಚ್ಚಿ, ತಳಕ್ಕೆ ಟೇಪು ಬಡಿದು, ನಂಬರು ಹಾಕುತ್ತ ಹೋಗುತ್ತಾರೆ. ಅಡುಗೆಮನೆಯ ಕಟ್ಟೆಯ ಮೇಲೆ ಈಳಿಗೆಮಣೆ, ಶಾವಿಗೆ ಒರಳು, ಚಕ್ಕುಲಿ ಒತ್ತುವ ಮಣೆ, ಬಿದಿರಿನ ಮೊರ, ಹಪ್ಪಳದ ಡಬ್ಬಿ, ಅಜ್ಜಿಯ ಕಾಲದ ಹಿತ್ತಾಳೆ ಕೊಳಗ. ಹದಿನೈದು ನಿಮಿಷದಲ್ಲಿ ಇಷ್ಟೂ ಒಂದೇ ಪೆಟ್ಟಿಗೆಯೊಳಗೆ ಸೇರಿ, ಪಟ್ಟಿಯಲ್ಲಿ ಎರಡೇ ಪದವಾಗುತ್ತವೆ: ‘ಕಿಚನ್ ಐಟಮ್ಸ್’. ಮನೆಯವರು ಕೆಳಗೆ ಸಹಿ ಹಾಕುತ್ತಾರೆ. ಆ ಸಹಿ ಬಿದ್ದ ಕ್ಷಣದಿಂದ ಪೆಟ್ಟಿಗೆಯೊಳಗಿನ ಪ್ರತಿಯೊಂದು ವಸ್ತುವಿಗೂ ಜವಾಬು ಹೇಳಬೇಕಾದವರು ಅವರೇ.

ಎರಡನೆಯ ಪ್ರಶ್ನೆ ಯಾವುದರಿಂದ ಮಾಡಿದ್ದು ಎಂಬುದು. ಇಲ್ಲಿ ಕಾನೂನಿನ ಭಯ ಹುಳದ್ದು. 1996ರಲ್ಲಿ ನ್ಯೂಯಾರ್ಕಿನ ಬ್ರೂಕ್ಲಿನ್‌ನಲ್ಲಿ ಏಷ್ಯಾದ ಉದ್ದಮೀಸೆಯ ದುಂಬಿ ಮರಗಳನ್ನು ಕೊರೆಯುತ್ತಿರುವುದು ಪತ್ತೆಯಾಯಿತು. ಅದು ಬಂದದ್ದು ಸರಕು ಕಟ್ಟಿದ ಮರದ ಚೌಕಟ್ಟಿನಲ್ಲಿ ಎಂದು ತಜ್ಞರು ತೀರ್ಮಾನಿಸಿದರು. 2002ರಲ್ಲಿ ಬಂದ ‘ಐಎಸ್‌ಪಿಎಂ 15’ ಎಂಬ ಅಂತರರಾಷ್ಟ್ರೀಯ ಮಾನದಂಡದ ಪ್ರಕಾರ ಪ್ಯಾಕಿಂಗಿಗೆ ಬಳಸುವ ಹಸಿ ಮರದ ತಿರುಳು 56 ಡಿಗ್ರಿ ಸೆಲ್ಸಿಯಸ್ ಶಾಖದಲ್ಲಿ 30 ನಿಮಿಷ ಇರಬೇಕು, ಇಲ್ಲವೇ ಬೇರೆ ಒಪ್ಪಿತ ಸಂಸ್ಕರಣೆ ಪಡೆದಿರಬೇಕು. ಹಾಗೆ ಸಂಸ್ಕರಿಸಿದ ಹಲಗೆಯ ಮೇಲೆ ತೆನೆಯ ಗುರುತಿನ ಮುದ್ರೆ ಇರುತ್ತದೆ. ಓಣಿಯ ಬಡಗಿ ಪ್ರೀತಿಯಿಂದ ಹೊಡೆದುಕೊಟ್ಟ ಪೆಟ್ಟಿಗೆ ಎಷ್ಟೇ ಗಟ್ಟಿಯಾಗಿದ್ದರೂ ಈ ಮುದ್ರೆ ಇಲ್ಲದೆ ಬಂದರಿನಿಂದಾಚೆ ಹೋಗುವುದಿಲ್ಲ.

ಖಾಪ್ರಾ ದುಂಬಿಯ ಕಥೆ ನಮಗೆ ಇನ್ನೂ ಹತ್ತಿರದ್ದು. ದವಸಧಾನ್ಯ ತಿನ್ನುವ ಈ ಹುಳದ ಮೂಲನೆಲೆ ಭಾರತ. ಅದರ ಮರಿ ಆಹಾರವಿಲ್ಲದೆ ವರ್ಷಗಟ್ಟಲೆ ಸಂದಿಯಲ್ಲಿ ಬದುಕಿರಬಲ್ಲದು. 1953ರಲ್ಲಿ ಕ್ಯಾಲಿಫೋರ್ನಿಯದಲ್ಲಿ ಕಾಣಿಸಿಕೊಂಡಾಗ ಅದನ್ನು ನಿರ್ನಾಮ ಮಾಡಲು ಅಮೆರಿಕಕ್ಕೆ ಹತ್ತು ವರ್ಷಕ್ಕೂ ಹೆಚ್ಚು ಕಾಲ ಹಿಡಿಯಿತು. ಅದಕ್ಕೇ 2011ರಿಂದ ಈ ಹುಳವಿರುವ ದೇಶಗಳ ಪ್ರಯಾಣಿಕರು ಸ್ವಂತಕ್ಕೆಂದು ಅಕ್ಕಿ ಒಯ್ಯುವುದನ್ನು ಅಮೆರಿಕ ನಿಲ್ಲಿಸಿದೆ. 2020ರಲ್ಲಿ ಆಮದಾದ ಫ್ರಿಜ್ಜುಗಳ ಪ್ಯಾಕಿಂಗಿನಲ್ಲಿ ಇದೇ ಹುಳ ಸಿಕ್ಕಿದ ಮೇಲೆ ಆಸ್ಟ್ರೇಲಿಯವೂ ಮನೆ ಸಾಮಾನಿನ ಜೊತೆ ಅಕ್ಕಿ, ಕಡಲೆಯಂಥ ಧಾನ್ಯಗಳು ಬರುವುದನ್ನು ತಡೆಯಿತು. ತಾಯಿ ಪ್ರೀತಿಯಿಂದ ಮೂಲೆಗೆ ಸಿಕ್ಕಿಸಿದ ಎರಡು ಸೇರು ಸೋನಾಮಸೂರಿಗಾಗಿ ಇಡೀ ಕಂಟೇನರನ್ನು ಬಿಚ್ಚಿಸಬಹುದು. ಮೊರದ ನೇಯ್ಗೆಯಲ್ಲಿ ಸಿಕ್ಕಿಕೊಂಡ ನಾಲ್ಕು ಕಾಳಿಗೂ, ತೋಟಕ್ಕೆ ಮೆಟ್ಟಿಹೋದ ಬೂಟಿನ ಅಡಿಯ ಮಣ್ಣಿಗೂ ಇದೇ ಮಾತು. ತಪಾಸಣೆಯ ಶುಲ್ಕ, ಹೊಗೆ ಹಾಕಿಸುವ ಖರ್ಚು, ಬಂದರಿನಲ್ಲಿ ದಿನದಿನಕ್ಕೂ ಏರುವ ಡೆಮರೇಜು ಎಲ್ಲವೂ ಸಾಮಾನಿನ ಒಡೆಯರ ತಲೆಗೇ. ಈ ನಿಯಮಗಳಲ್ಲಿ ಅನ್ಯಾಯವೇನೂ ಇಲ್ಲ. ಬೆಳೆಯನ್ನು ನೆಚ್ಚಿದ ಯಾವ ನಾಡಾದರೂ ಮಾಡುವ ಕೆಲಸವಿದು, ಮತ್ತು ಒಂದು ಪೊರಕೆ, ಒಂದು ಹಲ್ಲುಜ್ಜುವ ಬ್ರಷ್ಷು, ಅರ್ಧ ದಿನದ ಶ್ರಮದಿಂದ ಇವನ್ನು ಪಾಲಿಸಲು ಸಾಧ್ಯ.

ಬೀಟೆ ಮರ ಮತ್ತು ದಂತದ ಸಂಗತಿ ಅಷ್ಟು ಸರಳವಲ್ಲ. ಮೈಸೂರಿನ ಹಳೆಯ ಕುಸುರಿ ಮೇಜುಗಳಲ್ಲಿ ಬಿಳಿಯ ಭಾಗ ದಂತದ್ದಾಗಿರುತ್ತಿತ್ತು. ದಂತದ ವ್ಯಾಪಾರಕ್ಕೆ ನಿಷೇಧ ಬಂದ ನಂತರ ಕುಶಲಕರ್ಮಿಗಳು ಪ್ಲಾಸ್ಟಿಕ್ಕಿಗೆ ಬಂದರು. ದಂತವಿದ್ದ ಹಳೆಯ ವಸ್ತು ಗಡಿ ದಾಟುವಂತಿಲ್ಲ. ಬೀಟೆಯ ಕುಲದ ಬಹುತೇಕ ಎಲ್ಲ ಮರಗಳೂ 2017ರ ಜನವರಿಯಲ್ಲಿ, ಅಳಿವಿನಂಚಿನ ಜೀವಿಗಳ ವ್ಯಾಪಾರವನ್ನು ನಿಯಂತ್ರಿಸುವ ಸೈಟಿಸ್ ಎಂಬ ಅಂತರರಾಷ್ಟ್ರೀಯ ಒಪ್ಪಂದದ ಎರಡನೆಯ ಅನುಬಂಧಕ್ಕೆ ಸೇರಿದವು. ಸಂಗೀತಗಾರರು ಲೋಕದೆಲ್ಲೆಡೆ ದನಿಯೆತ್ತಿದ ಮೇಲೆ, 2019ರ ನವೆಂಬರಿನಿಂದ ತಯಾರಾದ ವಾದ್ಯಗಳಿಗೆ ವಿನಾಯಿತಿ ಸಿಕ್ಕಿತು. ಹಾಗಾಗಿ ಬೀಟೆಯ ವಾದ್ಯ ಹೋದೀತು, ಅದೇ ಮರದ ಮಂಚಕ್ಕೆ ಕಾಗದಪತ್ರ ಬೇಕು. ದೇವರ ಕೋಣೆಯ ಜಿಂಕೆ ಚರ್ಮವನ್ನೂ ಕೃಷ್ಣನ ಪಟಕ್ಕೆ ಸಿಕ್ಕಿಸಿದ ನವಿಲುಗರಿಯನ್ನೂ ಭಾರತದಿಂದ ಹೊರಗೆ ಒಯ್ಯುವಂತಿಲ್ಲ. ಪೂಜೆಯ ವಸ್ತುವಿಗೆ ಕೌಟಿಲ್ಯ ಕೊಟ್ಟಿದ್ದ ವಿನಾಯಿತಿ ಇಲ್ಲಿ ನಡೆಯದು.

ಮೂರನೆಯ ಪ್ರಶ್ನೆ ವಯಸ್ಸಿನದು. ಮನೆ ಸಾಗಿಸುವವರು ತೀರ ಕಡಿಮೆ ಯೋಚಿಸುವುದೂ ಇದನ್ನೇ. 1972ರ ಪ್ರಾಚೀನ ವಸ್ತುಗಳು ಮತ್ತು ಕಲಾನಿಧಿಗಳ ಕಾಯಿದೆ ಜಾರಿಗೆ ಬಂದದ್ದು 1976ರ ಏಪ್ರಿಲ್‌ನಲ್ಲಿ. ನೂರು ವರ್ಷ ದಾಟಿದ ವಿಗ್ರಹ, ಚಿತ್ರ, ನಾಣ್ಯ, ಕರಕುಶಲ ವಸ್ತುಗಳು ಅದರ ಪ್ರಕಾರ ಪ್ರಾಚೀನ ವಸ್ತುಗಳು. ವೈಜ್ಞಾನಿಕ, ಐತಿಹಾಸಿಕ, ಸಾಹಿತ್ಯಕ ಅಥವಾ ಸೌಂದರ್ಯದ ಮೌಲ್ಯವಿರುವ ಹಸ್ತಪ್ರತಿಗೆ ಎಪ್ಪತ್ತೈದು ವರ್ಷ ತುಂಬಿದರೆ ಸಾಕು. ಇವನ್ನು ದೇಶದಾಚೆ ಕಳಿಸುವ ಹಕ್ಕು ಕೇಂದ್ರ ಸರ್ಕಾರಕ್ಕೆ ಮತ್ತು ಅದು ಅಧಿಕಾರ ಕೊಟ್ಟ ಸಂಸ್ಥೆಗೆ ಮಾತ್ರ ಇದೆ. ಮೀರಿದವರಿಗೆ ಆರು ತಿಂಗಳಿಂದ ಮೂರು ವರ್ಷದವರೆಗೆ ಸೆರೆವಾಸ. ಮಾರುವ ಉದ್ದೇಶವಿತ್ತೇ, ಮುತ್ತಜ್ಜನಿಂದ ಬಂದದ್ದೇ ಎಂಬುದರಿಂದ ವಸ್ತುವಿನ ವಯಸ್ಸು ಬದಲಾಗುವುದಿಲ್ಲ. ಅನುಮಾನವಿದ್ದರೆ ಫೋಟೋ ಸಮೇತ ಅರ್ಜಿ ಹಾಕಿ, ಭಾರತೀಯ ಪುರಾತತ್ತ್ವ ಸರ್ವೇಕ್ಷಣದಿಂದ ‘ಇದು ಪ್ರಾಚೀನ ವಸ್ತುವಲ್ಲ’ ಎಂಬ ಪ್ರಮಾಣಪತ್ರ ಪಡೆಯುವ ದಾರಿಯಿದೆ. ಕಳೆದ ವರ್ಷ ಕೊಂಡ ಕಂಚಿನ ನಟರಾಜನಿಗೂ ಆ ಪತ್ರ ಜೊತೆಗಿದ್ದರೆ ಕ್ಷೇಮ, ಏಕೆಂದರೆ ಹೊಸ ಕಂಚಿಗೆ ಹಳೆಯ ಬಣ್ಣ ಬರಿಸುವುದು ಆ ಕಸುಬಿನ ಮಾಮೂಲು.

ಈ ಕಾಯಿದೆಯ ಎದುರಿನಲ್ಲಿ ಕನ್ನಡದ ಮನೆಗಳಿಗೆ ತಮ್ಮದೇ ಆದ ಒಂದು ಕಷ್ಟವಿದೆ. ಮಲೆನಾಡಿನ, ಕರಾವಳಿಯ, ಹಳೆ ಮೈಸೂರಿನ ಎಷ್ಟೋ ಮನೆಗಳ ಅಟ್ಟದಲ್ಲಿ ಓಲೆಗರಿಯ ಕಟ್ಟುಗಳಿವೆ, ಕಡತಗಳಿವೆ. ಕಡತವೆಂದರೆ ಬಟ್ಟೆಗೆ ಹುಣಿಸೆಬೀಜದ ಸರಿಯನ್ನೂ ಇದ್ದಿಲ ಪುಡಿಯನ್ನೂ ಬಳಿದು, ಒಣಗಿಸಿ, ಮಡಿಕೆ ಮಡಿಕೆಯಾಗಿ ಮಡಚಿದ ಕಪ್ಪು ಪುಸ್ತಕ. ಅದರ ಮೇಲೆ ಬಳಪದಿಂದ ಬರೆಯುತ್ತಿದ್ದರು. ಇಂದು ಸರ್ಕಾರಿ ಫೈಲಿಗೆ ಹೇಳುವ ‘ಕಡತ’ ಎಂಬ ಮಾತು ಅಲ್ಲಿಂದಲೇ ಬಂದದ್ದು. ಲೆಕ್ಕ, ವೈದ್ಯ, ಹಾಡು, ಜಮೀನಿನ ವಿವರ ಏನು ಬೇಕಾದರೂ ಅದರಲ್ಲಿರಬಹುದು. ಪ್ಯಾಕಿಂಗ್ ಪಟ್ಟಿಯಲ್ಲಿ ಅದು ‘ಓಲ್ಡ್ ಬುಕ್ಸ್’ ಆಗಿ ಕುಳಿತುಬಿಡುತ್ತದೆ. ಮೌಲ್ಯ ಅಳೆಯುವವರು ಯಾರೂ ಅದನ್ನು ನೋಡಿರುವುದಿಲ್ಲ. ಒಯ್ಯುವವರಿಗೆ ಓದಲು ಬರುವುದಿಲ್ಲ. ದಾಟಿಹೋದರೆ ಅದು ದೂರದ ಊರಿನ ತಳಮನೆಯಲ್ಲಿ ಕೊಳೆಯುತ್ತದೆ, ಸಿಕ್ಕಿಬಿದ್ದರೆ ಮೊಕದ್ದಮೆಯ ವಸ್ತುವಾಗುತ್ತದೆ.

ಸಮುದ್ರದ ಮೇಲಿನ ಪಾಡನ್ನೂ ಇಲ್ಲಿ ಹೇಳಬೇಕು. 2021ರ ಮಾರ್ಚ್ 23ರಂದು ಎವರ್ ಗಿವನ್ ಹಡಗು ಸೂಯೆಜ್ ಕಾಲುವೆಗೆ ಅಡ್ಡಲಾಗಿ ಸಿಕ್ಕಿ, ಆರು ದಿನಗಳ ನಂತರ ಬಿಡುಗಡೆಯಾಯಿತು. ಅದರಲ್ಲಿ 18 ಸಾವಿರಕ್ಕೂ ಹೆಚ್ಚು ಕಂಟೇನರ್‌ಗಳಿದ್ದವು. ಪರಿಹಾರದ ವ್ಯಾಜ್ಯ ಮುಗಿದು ಅದು ಈಜಿಪ್ಟ್ ಬಿಟ್ಟದ್ದು ಜುಲೈನಲ್ಲಿ. ಹಡಗಿನ ಒಡೆಯರು ‘ಜನರಲ್ ಆವರೇಜ್’ ಘೋಷಿಸಿದರು. ಅಂದರೆ ಹಡಗನ್ನು ಉಳಿಸಿಕೊಳ್ಳಲು ಆದ ಖರ್ಚನ್ನು ಅದರಲ್ಲಿ ಸರಕಿಟ್ಟವರೆಲ್ಲ ಮೌಲ್ಯದ ಪ್ರಮಾಣದಲ್ಲಿ ಹಂಚಿಕೊಳ್ಳಬೇಕು. ಈ ಹಳೆಯ ಕಡಲ ಕಾನೂನು ದೊಡ್ಡ ಕಂಪನಿಯ ಸರಕಿಗೂ ಮೂವತ್ತು ಪೆಟ್ಟಿಗೆಯ ಸಂಸಾರಕ್ಕೂ ಒಂದೇ. ವಿಮೆ ಇದ್ದರೆ ವಿಮಾ ಕಂಪನಿ ಖಾತರಿ ಕೊಡುತ್ತದೆ. ಇಲ್ಲದಿದ್ದರೆ ಠೇವಣಿ ಕಟ್ಟುವತನಕ ಸಾಮಾನು ಕೈಗೆ ಬರುವುದಿಲ್ಲ. ಪಾತ್ರೆಗಳಿಗೆ ಯಾತರ ವಿಮೆ ಎಂದು ಪ್ರೀಮಿಯಮ್ ಉಳಿಸುವವರು ಈ ಮಾತನ್ನು ಕೇಳಿರುವುದು ಕಡಿಮೆ.

ಮರಳಿ ಬರುವವರದು ಬೇರೆ ಅಧ್ಯಾಯ. ಭಾರತದ 2016ರ ಬ್ಯಾಗೇಜ್ ನಿಯಮಗಳು ಎರಡು ವರ್ಷ ಅಥವಾ ಹೆಚ್ಚು ಕಾಲ ಹೊರಗಿದ್ದು ಮನೆ ಬದಲಿಸುವವರಿಗೆ 5 ಲಕ್ಷ ರೂಪಾಯಿವರೆಗಿನ ಬಳಸಿದ ಸಾಮಾನಿಗೆ ವಿನಾಯಿತಿ ಕೊಟ್ಟವು. ನಡುವೆ ಊರಿಗೆ ಬಂದುಹೋದ ದಿನಗಳು ಒಟ್ಟು ಆರು ತಿಂಗಳು ಮೀರಬಾರದೆಂಬ ಷರತ್ತೂ ಇತ್ತು. ಆ ನಿಯಮಗಳ ಪಟ್ಟಿಯಲ್ಲಿ ವಿಸಿಆರ್ ಕೂಡ ಇತ್ತು, ಅದನ್ನು ಯಾರೂ ಕೊಳ್ಳದ ಕಾಲದಲ್ಲೂ. ಕೊಲ್ಲಿಯಿಂದ ಮಂಗಳೂರಿಗೆ, ಭಟ್ಕಳಕ್ಕೆ ಬಂದ ಒಂದಿಡೀ ತಲೆಮಾರಿನ ಆಸೆ ಆ ಸಾಲುಗಳಲ್ಲಿ ಉಳಿದುಕೊಂಡಿದೆ. ಒಡವೆಯ ಮಿತಿಯಂತೂ ತನ್ನನ್ನೇ ಕಡಿದುಕೊಳ್ಳುತ್ತಿತ್ತು. ಹೆಂಗಸರಿಗೆ 40 ಗ್ರಾಂ, ಆದರೆ 1 ಲಕ್ಷ ರೂಪಾಯಿ ಮೀರುವಂತಿರಲಿಲ್ಲ. ಅಂದರೆ ಗ್ರಾಮಿಗೆ 2,500 ರೂಪಾಯಿ. ನಿಯಮ ಬಂದ ವರ್ಷವೇ ಚಿನ್ನದ ಬೆಲೆ ಅದನ್ನು ದಾಟಿತ್ತು. ಇಂಥ ಮೊತ್ತಗಳು ಬದಲಾಗುತ್ತಿರುತ್ತವೆ, ಆದ್ದರಿಂದ ಹೊರಡುವ ವರ್ಷದ ಅಧಿಸೂಚನೆಯನ್ನೇ ನೋಡಬೇಕು. ಇಲ್ಲಿಂದ ಹೋಗುವಾಗಲೇ ಮೈಮೇಲಿನ ಒಡವೆಗೆ ಕಸ್ಟಮ್ಸ್‌ನಿಂದ ರಫ್ತು ಪ್ರಮಾಣಪತ್ರ ಬರೆಸಿಕೊಂಡರೆ ಮರಳುವಾಗ ಅದೇ ಸಾಕ್ಷಿ.

ಪಟ್ಟಿ ಬರೆಯುವ ಕೆಲಸವನ್ನು ಪ್ಯಾಕರ್‌ಗಳಿಗೆ ಬಿಡದೆ, ಮನೆಯವರೇ ಒಂದು ವಾರ ಮೊದಲು ಕುಳಿತು ಒಂದೊಂದು ವಸ್ತುವಿಗೂ ಅದರ ಹೆಸರು, ಅದನ್ನು ಮಾಡಿದ ಪದಾರ್ಥ, ಕೊಂಡ ವರ್ಷ ಬರೆಯಬೇಕು. ಆಗ ಅಟ್ಟವೂ ಇಳಿಯುತ್ತದೆ. ಅಲ್ಲಿ ಕಡತವೋ ಓಲೆಗರಿಯೋ ಸಿಕ್ಕರೆ ದಯವಿಟ್ಟು ಅದನ್ನು ಪೆಟ್ಟಿಗೆಗೆ ಹಾಕಬೇಡಿ. ಅರ್ಥಶಾಸ್ತ್ರದ ಗರಿಗಳನ್ನು ಕಾಪಾಡಿದ ಸಂಸ್ಥೆ ಪ್ರಾಚ್ಯವಿದ್ಯಾ ಸಂಶೋಧನಾಲಯವೆಂಬ ಹೆಸರಿನಲ್ಲಿ ಮೈಸೂರಿನಲ್ಲಿ ಇಂದಿಗೂ ಇದೆ. ಅಲ್ಲಿಗೋ, ಹತ್ತಿರದ ವಿಶ್ವವಿದ್ಯಾಲಯದ ಹಸ್ತಪ್ರತಿ ವಿಭಾಗಕ್ಕೋ ಅದನ್ನು ಒಪ್ಪಿಸಿ, ಪುಟಪುಟದ ಫೋಟೋ ತೆಗೆಸಿಕೊಂಡು ಹೋಗಿ. ಫೋನಿನೊಳಗಿನ ಫೋಟೋಗಳಿಗೆ ಯಾರೂ ಸುಂಕ ಕೇಳುವುದಿಲ್ಲ.