ಕರ್ನಾಟಕದ ವಾಹನ ನೋಂದಣಿ ಫಲಕಗಳು: ಎಂವೈಯಿಂದ ಕೆಎವರೆಗೆ

ಹೆದ್ದಾರಿಯಲ್ಲಿ ಕೆಎ ಅಕ್ಷರಗಳುಳ್ಳ ವಾಹನ ಕಂಡೊಡನೆ ಮುಂದಿನ ಎರಡು ಅಂಕಿಗಳನ್ನು ಓದಿ, ಬಂದವರು ಯಾವ ಊರಿನವರೆಂದು ಊಹಿಸುವುದು ಹೊರನಾಡ ಕನ್ನಡಿಗರಾದ ನಮಗೆ ರೂಢಿ. ಆ ಫಲಕದ ಚರಿತ್ರೆಯನ್ನೂ ನಿಯಮಗಳನ್ನೂ ಇಲ್ಲಿ ಸಂಗ್ರಹವಾಗಿ ನೀಡುತ್ತಿದ್ದೇವೆ.

ಹಳೆಯ ಅಕ್ಷರಗಳು

1939ರ ಮೋಟಾರು ವಾಹನ ಕಾಯಿದೆಯ ಕಾಲದಲ್ಲಿ ಮೈಸೂರಿಗೆ ಸಂದ ಅಕ್ಷರಗಳು ಎಂವೈ. ಇವುಗಳ ಮುಂದೆ ಮತ್ತೊಂದು ಅಕ್ಷರವನ್ನೂ ನಾಲ್ಕು ಅಂಕಿಗಳವರೆಗಿನ ಸಂಖ್ಯೆಯನ್ನೂ ಸೇರಿಸುತ್ತಿದ್ದರು. ವಾಹನಗಳು ಹೆಚ್ಚಿದಂತೆ ಎಂಇ, ಸಿಎ ಮೊದಲಾದ ಸರಣಿಗಳು ಬಂದವು. 1973ರ ನವೆಂಬರ್ 1ರಂದು ರಾಜ್ಯದ ಹೆಸರು ಕರ್ನಾಟಕವಾಯಿತು. ಆದರೂ ಕೆಎ ಅಕ್ಷರಗಳು ಬಂದದ್ದು 1988ರ ಹೊಸ ಕಾಯಿದೆ 1989ರ ಜುಲೈ 1ರಂದು ಜಾರಿಯಾದ ಬಳಿಕವೇ.

ಅಂಕಿಯಲ್ಲಿ ಊರು

ಈಗಿನ ಕ್ರಮದಲ್ಲಿ ಕೆಎ ನಂತರದ ಎರಡಂಕಿ ಸಾರಿಗೆ ಕಚೇರಿಯನ್ನು ಸೂಚಿಸುತ್ತದೆ. 01ರಿಂದ 05 ಬೆಂಗಳೂರು, 09 ಮೈಸೂರು, 12 ಮಡಿಕೇರಿ, 19 ಮಂಗಳೂರು, 20 ಉಡುಪಿ, 22 ಬೆಳಗಾವಿ, 25 ಧಾರವಾಡ, 28 ವಿಜಯಪುರ, 32 ಕಲಬುರಗಿ, 38 ಬೀದರ್. ಜಿಲ್ಲೆಗೊಂದೇ ಸಂಖ್ಯೆ ಎಂಬ ನಿಯಮವಿಲ್ಲ: ಉತ್ತರ ಕನ್ನಡದಲ್ಲಿ ಕಾರವಾರಕ್ಕೆ 30, ಶಿರಸಿಗೆ 31. ಹೊಸಪೇಟೆಯ 35 ಮೊದಲೇ ಇತ್ತು. ವಿಜಯನಗರ ಜಿಲ್ಲೆ ಹುಟ್ಟಿದ್ದು 2021ರಲ್ಲಿ. 2014ರಲ್ಲಿ ಬೆಳಗಾಂ ಬೆಳಗಾವಿಯಾಯಿತು, ಗುಲ್ಬರ್ಗ ಕಲಬುರಗಿಯಾಯಿತು. ಸಂಖ್ಯೆಗಳು ಮಾತ್ರ ಬದಲಾಗಲಿಲ್ಲ. ಅಂಕಿಗಳ ಮುಂದಿನ ಅಕ್ಷರ ಎಫ್ ಆದರೆ ಅದು ಸಾರಿಗೆ ನಿಗಮದ ಬಸ್ಸು, ಜಿ ಆದರೆ ಸರ್ಕಾರಿ ವಾಹನ.

ಬಣ್ಣಗಳು

ಬಿಳಿಯ ಮೇಲೆ ಕಪ್ಪಕ್ಷರವಿದ್ದರೆ ಖಾಸಗಿ ವಾಹನ; ಹಳದಿಯ ಮೇಲೆ ಕಪ್ಪಾದರೆ ಬಾಡಿಗೆಯದು; ಕಪ್ಪಿನ ಮೇಲೆ ಹಳದಿಯಾದರೆ ಬಾಡಿಗೆಗೆ ಪಡೆದು ನಾವೇ ಓಡಿಸುವಂಥದು. ವಿದ್ಯುತ್ ವಾಹನಗಳಿಗೆ 2018ರಿಂದ ಹಸಿರು ಫಲಕವಿದೆ. ಅದರ ಮೇಲೆ ಖಾಸಗಿಗೆ ಬಿಳಿ, ಬಾಡಿಗೆಗೆ ಹಳದಿ ಅಕ್ಷರ.

2019ರ ಏಪ್ರಿಲ್ 1ರಿಂದ ಹೊಸ ವಾಹನಗಳಿಗೆ ಅತಿ ಸುರಕ್ಷಿತ ಫಲಕ ಕಡ್ಡಾಯವಾಗಿದೆ. ಅಲ್ಯೂಮಿನಿಯಂ ತಗಡಿನ ಮೇಲೆ ಅಶೋಕ ಚಕ್ರದ ಹೊಲೋಗ್ರಾಂ, ಲೇಸರಿನಿಂದ ಕೊರೆದ ಸಂಖ್ಯೆ, ಬಿಚ್ಚಿ ಮತ್ತೆ ಕೂಡಿಸಲಾಗದ ಬೀಗ ಇದರ ಲಕ್ಷಣಗಳು. ಹಳೆಯ ವಾಹನಗಳಿಗೂ ಇದನ್ನು ಹಾಕಿಸಬೇಕೆಂದು ಕರ್ನಾಟಕ ಸರ್ಕಾರ 2023ರಲ್ಲಿ ಸೂಚಿಸಿ, ಗಡುವನ್ನು ಹಲವು ಬಾರಿ ವಿಸ್ತರಿಸಿತು. ಅಭಿಮಾನದಿಂದ ಕನ್ನಡದ ಅಂಕಿಗಳನ್ನಷ್ಟೇ ಬರೆಸುವ ಪರಿಪಾಠವುಂಟು. ನಮಗದು ಕಣ್ಣಿಗೆ ಇಂಪಾದರೂ, ಕೇಂದ್ರ ನಿಯಮವು ರೋಮನ್ ಅಕ್ಷರ ಮತ್ತು ಅಂತರರಾಷ್ಟ್ರೀಯ ಅಂಕಿಗಳನ್ನೇ ವಿಧಿಸುತ್ತದೆ.

ಹೊರನಾಡಿನಲ್ಲಿ ಕೆಎ

ನಮ್ಮ ಕುಟುಂಬಗಳು ಎಡವುವುದು ಇಲ್ಲಿಯೇ. ಊರಿನಲ್ಲಿ ಕೊಂಡ ಕಾರನ್ನು ಮುಂಬಯಿಯಲ್ಲೋ ಪುಣೆಯಲ್ಲೋ ಹನ್ನೆರಡು ತಿಂಗಳು ಮೀರಿ ಇರಿಸಿಕೊಂಡರೆ, ಕಾಯಿದೆಯ 47ನೆಯ ಕಲಮಿನಂತೆ ಅಲ್ಲಿನ ಸಂಖ್ಯೆ ಪಡೆಯಲೇಬೇಕು. ಅದಕ್ಕೆ ಮೊದಲು ಮೂಲ ಕಚೇರಿಯಿಂದ ನಿರಾಕ್ಷೇಪಣಾ ಪತ್ರ ತರಬೇಕು. ಹೊಸ ರಾಜ್ಯದಲ್ಲಿ ತೆರಿಗೆ ತೆರಬೇಕು. ಕರ್ನಾಟಕದಲ್ಲಿ ಕಟ್ಟಿದ ಜೀವಾವಧಿ ತೆರಿಗೆಯ ಉಳಿದ ಭಾಗಕ್ಕೆ ಪ್ರತ್ಯೇಕವಾಗಿ ಅರ್ಜಿ ಹಾಕಬೇಕು. ಕೈಬಿಡದೆ ಕೇಳಿದವರಿಗಷ್ಟೇ ಈ ಹಣ ಸಿಕ್ಕೀತು.

ವರ್ಗಾವಣೆಯ ನೌಕರಿಯವರಿಗೆ 2021ರ ಸೆಪ್ಟೆಂಬರ್ 15ರಿಂದ ಬಿಎಚ್ ಸರಣಿಯ ಅನುಕೂಲ ದೊರೆತಿದೆ. ಸೈನಿಕರು, ಕೇಂದ್ರ ಮತ್ತು ರಾಜ್ಯ ಸರ್ಕಾರಿ ನೌಕರರು, ಬ್ಯಾಂಕುಗಳೂ ಸೇರಿದಂತೆ ಸಾರ್ವಜನಿಕ ಉದ್ಯಮಗಳ ಸಿಬ್ಬಂದಿ, ನಾಲ್ಕು ಅಥವಾ ಹೆಚ್ಚು ರಾಜ್ಯಗಳಲ್ಲಿ ಕಚೇರಿಗಳಿರುವ ಖಾಸಗಿ ಸಂಸ್ಥೆಗಳ ನೌಕರರು ಇದಕ್ಕೆ ಅರ್ಹರು. ರಾಜ್ಯ ಬದಲಾದರೂ ಸಂಖ್ಯೆ ಬದಲಾಗದು. ತೆರಿಗೆಯನ್ನು ಎರಡೆರಡು ವರ್ಷಗಳಿಗೆ ಕಟ್ಟಬಹುದು.

ಇಂಥ ಫಲಕದಲ್ಲಿ ರಾಜ್ಯದ ಗುರುತೂ ಇಲ್ಲ, ಊರಿನ ಅಂಕಿಯೂ ಇಲ್ಲ. ಅನುಕೂಲ ದೊಡ್ಡದು, ಆದರೆ ಸಿಗ್ನಲ್ಲಿನಲ್ಲಿ ಪಕ್ಕದ ಕಾರು ನೋಡಿ "ನಮ್ಮೂರಿನದು" ಎನ್ನುವ ಸುಖವನ್ನು ಅದು ಕೊಡಲಾರದು. ಕೆಎ ಫಲಕವನ್ನೇ ಉಳಿಸಿಕೊಳ್ಳಬಯಸುವವರು ಆ ಹನ್ನೆರಡು ತಿಂಗಳ ಲೆಕ್ಕವನ್ನು ಮರೆಯದಿರಲಿ.