ವಂತಿಗೆಯ ಪರ್ವತ

ಪರ್ವತಾರೋಹಣದ ಇತಿಹಾಸವನ್ನು ಯಾರು ಯಾವ ಶಿಖರವನ್ನು ಎಂದು ಏರಿದರು ಎಂಬ ಪಟ್ಟಿಯಾಗಿ ಬರೆಯುವುದು ವಾಡಿಕೆಯಾದರೂ, ಅದರ ಜಮಾಖರ್ಚಿನ ಪುಸ್ತಕವನ್ನು ಬಿಡಿಸಿ ನೋಡಿದವರಿಗೆ ಬೇರೊಂದು ಇತಿಹಾಸ ಕಾಣಸಿಗುತ್ತದೆ. ಇಪ್ಪತ್ತನೆಯ ಶತಮಾನದ ಬಹುಭಾಗದಲ್ಲಿ ಹಣ ಹರಿದದ್ದು ಊರಿನಿಂದ ಬೆಟ್ಟದ ಕಡೆಗೆ. 1920ರ ದಶಕದ ಎವರೆಸ್ಟ್ ಯಾತ್ರೆಗಳ ಖರ್ಚಿನ ಒಂದು ಭಾಗವನ್ನು ವರದಿ ಮತ್ತು ಚಲನಚಿತ್ರಗಳ ಹಕ್ಕು ಮಾರಿ ತುಂಬಿಕೊಳ್ಳಲಾಯಿತು. 1978ರಲ್ಲಿ ಅರ್ಲೀನ್ ಬ್ಲಮ್ ನೇತೃತ್ವದ ಅಮೆರಿಕದ ಮಹಿಳೆಯರ ತಂಡ ನೇಪಾಳದ ಅನ್ನಪೂರ್ಣಾ ಶಿಖರಕ್ಕೆ (8,091 ಮೀಟರ್) ಹೊರಟಾಗ, ಬೇಕಿದ್ದ ಸುಮಾರು 80,000 ಡಾಲರುಗಳಲ್ಲಿ ದೊಡ್ಡ ಪಾಲು ಟೀ ಶರ್ಟುಗಳ ಮಾರಾಟದಿಂದಲೇ ಬಂತು. ಶತಮಾನದ ಕೊನೆಯ ದಶಕಗಳಲ್ಲಿ ಈ ಹರಿವು ತಿರುಗಿತು. ಬೆಟ್ಟ ಹತ್ತುವುದಕ್ಕಾಗಿ ಹಣ ಕೂಡಿಸುತ್ತಿದ್ದ ಕಾಲ ಹೋಗಿ, ಹಣ ಕೂಡಿಸುವುದಕ್ಕಾಗಿ ಬೆಟ್ಟ ಹತ್ತುವ ಪದ್ಧತಿ ಬಂತು.

ಕನ್ನಡಿಗರಿಗೆ ಇದು ಮೊದಲ ನೋಟಕ್ಕೆ ಹರಕೆಯಂತೆ ತೋರಬಹುದು. ಆದರೆ ಹರಕೆಯಲ್ಲಿ ಮೆಟ್ಟಿಲು ಹತ್ತಿದವನೇ ಕಾಣಿಕೆಯನ್ನೂ ಒಪ್ಪಿಸುತ್ತಾನೆ. ಇಲ್ಲಿ ಹತ್ತುವವನೊಬ್ಬ, ಹಣ ಕೊಡುವವರು ಅವನ ನೆಂಟರು, ನೆರೆಯವರು, ಕಚೇರಿಯ ಸಹೋದ್ಯೋಗಿಗಳು. ಒಬ್ಬರು ಪಡುವ ಶ್ರಮಕ್ಕೆ ಪ್ರತಿಯಾಗಿ ಇತರರು ಒಂದು ಸಂಸ್ಥೆಗೆ ವಂತಿಗೆ ಕೊಡುವುದಾಗಿ ಮಾತು ಕೊಡುವ ಈ ಏರ್ಪಾಡಿಗೆ ಪ್ರಾಯೋಜಿತ ಸಾಹಸವೆಂದು ಹೆಸರು. ಅದಕ್ಕೆ ಕ್ಯಾನ್ಸರಿನ ನಂಟು ಗಟ್ಟಿಯಾಗಿ ಕೂಡಿಕೊಂಡದ್ದು ಬೆಟ್ಟದಲ್ಲಲ್ಲ, ಹೆದ್ದಾರಿಯಲ್ಲಿ. ಮೂಳೆಯ ಕ್ಯಾನ್ಸರಿನಿಂದ ಬಲಗಾಲನ್ನು ಕಳೆದುಕೊಂಡಿದ್ದ ಕೆನಡಾದ ತರುಣ ಟೆರ್ರಿ ಫಾಕ್ಸ್, 1980ರ ಏಪ್ರಿಲ್‌ನಲ್ಲಿ ಅಟ್ಲಾಂಟಿಕ್ ತೀರದಿಂದ ಕೃತಕ ಕಾಲಿನ ಮೇಲೆ ಓಡಲು ತೊಡಗಿ, ರೋಗ ಶ್ವಾಸಕೋಶಕ್ಕೆ ಹರಡಿ ನಿಲ್ಲಲೇಬೇಕಾಗುವ ಹೊತ್ತಿಗೆ 143 ದಿನಗಳಲ್ಲಿ 5,373 ಕಿಲೋಮೀಟರ್ ಕ್ರಮಿಸಿದ್ದನು. ದೇಶದ ಪ್ರತಿಯೊಬ್ಬ ಪ್ರಜೆಯಿಂದ ಒಂದೊಂದು ಡಾಲರ್ ಕೂಡಿಸಬೇಕೆಂಬ ಅವನ ಆಸೆ 1981ರ ಫೆಬ್ರವರಿಯಲ್ಲಿ ಕೈಗೂಡಿತು. ಅದೇ ವರ್ಷ ಜೂನ್‌ನಲ್ಲಿ, 22ನೆಯ ವಯಸ್ಸಿನಲ್ಲಿ ಅವನು ತೀರಿಕೊಂಡನು. ಹಣ ಕೇಳುವವನು ರೋಗಿಯ ಪರವಾಗಿ ಬಂದ ಗಣ್ಯನಲ್ಲ, ಸ್ವತಃ ರೋಗಿ ಎಂಬುದೇ ಇಲ್ಲಿದ್ದ ಹೊಸತು.

ಈ ಹೊಸತನ್ನು ಪರ್ವತಕ್ಕೆ ಒಯ್ದವರು ಅಮೆರಿಕದ ಲಾರಾ ಇವಾನ್ಸ್. ಮುಂದುವರಿದ ಹಂತದ ಸ್ತನ ಕ್ಯಾನ್ಸರಿಗೆ ಅವರು ಭಾರೀ ಪ್ರಮಾಣದ ಕೀಮೋಥೆರಪಿಯನ್ನೂ ಅದರೊಂದಿಗೆ ಅಸ್ಥಿಮಜ್ಜೆಯ ಮರುಕಸಿಯನ್ನೂ ಪಡೆದಿದ್ದರು. ಎಂದರೆ, ರೋಗಿಯ ಮಜ್ಜೆಯನ್ನು ಮೊದಲೇ ತೆಗೆದಿರಿಸಿ, ಔಷಧದಿಂದ ದೇಹದೊಳಗಿನ ಮಜ್ಜೆ ನಾಶವಾದ ಮೇಲೆ ಅದನ್ನು ಮರಳಿ ಹರಿಸುವ ಚಿಕಿತ್ಸೆ. ಸ್ತನ ಕ್ಯಾನ್ಸರಿನಲ್ಲಿ ಈ ಕಠಿಣ ವಿಧಾನವು ಸಾಮಾನ್ಯ ಕೀಮೋಥೆರಪಿಗಿಂತ ಹೆಚ್ಚು ಆಯುಷ್ಯವನ್ನೇನೂ ಕೊಡುವುದಿಲ್ಲವೆಂದು 1999ರಲ್ಲಿ ಮಂಡಿತವಾದ ಪ್ರಮುಖ ಪ್ರಯೋಗಗಳು ತೋರಿಸಿದವು. ಸಂಶೋಧನೆಗೆ ಹಣ ಏಕೆ ಬೇಕೆಂಬುದಕ್ಕೆ ಇದಕ್ಕಿಂತ ನೇರವಾದ ಉತ್ತರ ಸಿಗಲಾರದು. 1995ರ ಆರಂಭದಲ್ಲಿ ಇವಾನ್ಸ್ ಮತ್ತು ಮಾರ್ಗದರ್ಶಕ ಪೀಟರ್ ವಿಟೇಕರ್, ಸ್ತನ ಕ್ಯಾನ್ಸರಿನಿಂದ ಪಾರಾದ 17 ಮಹಿಳೆಯರನ್ನು ಅರ್ಜೆಂಟೀನಾದ ಅಕಾಂಕಾಗ್ವ ಪರ್ವತಕ್ಕೆ ಕರೆದೊಯ್ದರು. ಕೆಲವರು ಶಿಖರ ಮುಟ್ಟಿದರು, ಉಳಿದವರು ಕೆಳಗಿನ ಎತ್ತರಗಳಲ್ಲಿ ಉಳಿದರು. ಆಂಡ್ರಿಯಾ ಮಾರ್ಟಿನ್ ಸ್ಯಾನ್ ಫ್ರಾನ್ಸಿಸ್ಕೊದಲ್ಲಿ 1992ರಲ್ಲಿ ಕಟ್ಟಿದ್ದ ಸ್ತನ ಕ್ಯಾನ್ಸರ್ ನಿಧಿಗೆ ಈ ಯಾತ್ರೆಯಿಂದ 20 ಲಕ್ಷ ಡಾಲರಿಗೂ ಮಿಕ್ಕಿ ಹಣ ಸಂದಿತು.

ಸುಮಾರು 6,960 ಮೀಟರ್ ಎತ್ತರದ ಅಕಾಂಕಾಗ್ವ ಏಷ್ಯಾದ ಹೊರಗಿನ ಅತ್ಯುನ್ನತ ಶಿಖರವಾದರೂ, ಅದರ ಸಾಮಾನ್ಯ ದಾರಿಯಲ್ಲಿ ಹಗ್ಗ ಹಿಡಿದು ಬಂಡೆ ಹತ್ತುವ ಕೆಲಸವಿಲ್ಲ. ಅಲ್ಲಿ ಬೇಕಾಗುವುದು ಕಸುಬಿಗಿಂತ ತಾಳಿಕೆ. ತುದಿಯಲ್ಲಿ ಗಾಳಿಯ ಒತ್ತಡ ಸಮುದ್ರಮಟ್ಟದ ಅರ್ಧಕ್ಕಿಂತಲೂ ಕಡಿಮೆ, ಜೊತೆಗೆ ಸ್ಥಳೀಯರು ಬಿಳಿಗಾಳಿ ಎಂಬರ್ಥದಲ್ಲಿ ‘ವಿಯೆಂತೊ ಬ್ಲಾಂಕೊ’ ಎಂದು ಕರೆಯುವ ಹಿಮಮಾರುತ. ಅಲ್ಲಿನ ರೂಢಿಯಂತೆ ಮೂಲಶಿಬಿರದವರೆಗೆ ಹೇಸರಗತ್ತೆಗಳು ಹೊರೆ ಹೊರುತ್ತವೆ, ಅದರಾಚೆಗೆ ಹೊರೆ ಮನುಷ್ಯನ ಬೆನ್ನಿಗೆ ಬರುತ್ತದೆ.

ಆ ಬೆನ್ನುಚೀಲವನ್ನು ಸ್ವಲ್ಪ ಹತ್ತಿರದಿಂದ ನೋಡಬೇಕು. ಸ್ತನದ ಶಸ್ತ್ರಚಿಕಿತ್ಸೆಯಲ್ಲಿ ಕಂಕುಳಿನ ದುಗ್ಧಗ್ರಂಥಿಗಳನ್ನು, ಎಂದರೆ ಅಂಗಾಂಶಗಳ ದ್ರವವನ್ನು ಸೋಸುವ ಪುಟ್ಟ ಗಂಟುಗಳನ್ನು, ತೆಗೆದುಹಾಕಿದರೆ ದ್ರವ ಹರಿಯಲಾರದೆ ತೋಳು ಬಾತುಕೊಳ್ಳಬಹುದು. ಆದ್ದರಿಂದ ಆ ಕೈಯಲ್ಲಿ ಭಾರ ಎತ್ತಬಾರದು, ತೋಳಿಗೆ ಬಿಗಿತ ತಾಗಬಾರದು ಎಂಬುದು ಅಂದಿನ ವೈದ್ಯರ ಮಾಮೂಲು ಎಚ್ಚರಿಕೆಯಾಗಿತ್ತು. ಚೀಲದ ಪಟ್ಟಿಯಾದರೋ ಹೆಗಲ ಮೇಲಿಂದಿಳಿದು ಸರಿಯಾಗಿ ಅದೇ ಕಂಕುಳನ್ನು ಒತ್ತುತ್ತದೆ. ಮರುವರ್ಷ, 1996ರಲ್ಲಿ, ಕೆನಡಾದ ವ್ಯಾಂಕೂವರ್‌ನ ವೈದ್ಯ ಡಾನ್ ಮೆಕೆಂಜಿ ಇಂಥದೇ 24 ಮಹಿಳೆಯರಿಂದ ಡ್ರ್ಯಾಗನ್ ದೋಣಿಯ ಹುಟ್ಟು ಹಾಕಿಸಿ, ಯಾರ ತೋಳೂ ಹೊಸದಾಗಿ ಬಾತುಕೊಳ್ಳದಿರುವುದನ್ನು ತೋರಿಸಿದರು. ಮೆಕೆಂಜಿಯವರದು ಪ್ರಯೋಗ, ಅಕಾಂಕಾಗ್ವದ್ದು ಪ್ರಯೋಗವಲ್ಲ. ಆದರೂ ರೋಗಿಯ ದೇಹದ ಬಗೆಗಿನ ಅತಿಭಯವನ್ನು ಅಳ್ಳಾಡಿಸುವುದರಲ್ಲಿ ಎರಡಕ್ಕೂ ಪಾಲುಂಟು.

ಅಕಾಂಕಾಗ್ವದಿಂದ ಮುಂದೆ ಈ ಪದ್ಧತಿ ಬೇಗನೆ ಹರಡಿತು. 1997ರಿಂದ ಸಿಯಾಟಲ್‌ನ ಫ್ರೆಡ್ ಹಚಿನ್ಸನ್ ಸಂಶೋಧನಾ ಕೇಂದ್ರ ತನ್ನ ಪ್ರಯೋಗಾಲಯಗಳಿಗಾಗಿಯೇ ಆರೋಹಣಗಳನ್ನು ಏರ್ಪಡಿಸಿತು. ಮಾರ್ಟಿನ್ ಅವರ ನಿಧಿ 1998ರಲ್ಲಿ ಅಲಾಸ್ಕದ ಡೆನಾಲಿಗೆ, 2000ದಲ್ಲಿ ಜಪಾನಿನ ಫೂಜಿಗೆ ತಂಡಗಳನ್ನು ಕಳುಹಿಸಿತು. 1872ರವರೆಗೂ ಹೆಂಗಸರಿಗೆ ನಿಷಿದ್ಧವಾಗಿದ್ದ ಶಿಖರ ಫೂಜಿ. ಇಂಥ ಯಾತ್ರೆಗಳಲ್ಲಿ ಟಿಬೆಟಿನ ಪ್ರಾರ್ಥನಾ ಪತಾಕೆಗಳ ಮಾದರಿಯ ಬಟ್ಟೆಯ ತುಂಡುಗಳ ಮೇಲೆ ರೋಗಿಗಳ ಮತ್ತು ಮೃತರ ಹೆಸರು ಬರೆದು ಒಯ್ಯುವ ರೂಢಿ ಬೆಳೆಯಿತು. ಶಿಖರಕ್ಕೆ ಬಾವುಟ ಒಯ್ಯುವುದೇನೂ ಹೊಸದಲ್ಲ, 1911ರಲ್ಲಿಯೇ ಆನಿ ಪೆಕ್ ಪೆರುವಿನ ಕೊರೊಪುನಾ ಪರ್ವತದ ಮೇಲೆ ಮಹಿಳೆಯರ ಮತದಾನದ ಬೇಡಿಕೆಯ ಬಾವುಟ ನೆಟ್ಟಿದ್ದರು. ಘೋಷಣೆಯ ಜಾಗದಲ್ಲಿ ಹೆಸರು ಬಂದದ್ದು ಮಾತ್ರ ಹೊಸದು.

ಪದ್ಧತಿ ಜನಪ್ರಿಯವಾದಂತೆ ಲೆಕ್ಕದ ಪ್ರಶ್ನೆಗಳೂ ಎದ್ದವು. ವಂತಿಗೆಯ ಒಂದು ಭಾಗದಿಂದಲೇ ಆರೋಹಿಯ ವಿಮಾನ ಮತ್ತು ವಸತಿಯ ವೆಚ್ಚ ತೆರುವ ಕಡೆಗಳಲ್ಲಿ, ದಾನಿ ಕೊಟ್ಟದ್ದು ಸಂಶೋಧನೆಗೋ ಪ್ರವಾಸಕ್ಕೋ ಎಂಬ ಆಕ್ಷೇಪ ನ್ಯಾಯವಾದದ್ದೇ. ಖರ್ಚನ್ನು ಆರೋಹಿಯೇ ಭರಿಸಿ ವಂತಿಗೆಯನ್ನು ಇಡಿಯಾಗಿ ಒಪ್ಪಿಸುವ ಕ್ರಮವೇ ಶುದ್ಧವಾದದ್ದು. ಇಂಥ ಯಾತ್ರೆಗಳಿಗೆ ಮೆಚ್ಚಿನ ತಾಣವಾದ ಟಾಂಜಾನಿಯಾದ ಕಿಲಿಮಂಜಾರೊದಲ್ಲಿ (5,895 ಮೀಟರ್) ಗುಡಾರ, ನೀರು, ಅಡುಗೆಯ ಪಾತ್ರೆಗಳನ್ನೆಲ್ಲ ಹೊರುವವರು ಸ್ಥಳೀಯ ಕೂಲಿಯವರು. ಅವರ ಮಜೂರಿ ಮತ್ತು 20 ಕಿಲೋ ಹೊರೆಯ ಮಿತಿಯ ಮೇಲೆ ಕಣ್ಣಿಡಲು 2003ರಲ್ಲಿ ಪ್ರತ್ಯೇಕ ಸಂಘಟನೆಯೊಂದು ಹುಟ್ಟಬೇಕಾಯಿತು. ದಾನದ ಬೆಟ್ಟವನ್ನು ಹತ್ತುವ ಹೊರೆಯಾಳುಗಳ ಹೆಸರನ್ನು ಪತಾಕೆಗಳ ಮೇಲೆ ಯಾರೂ ಬರೆಯುವುದಿಲ್ಲ.

ಅದೇ 2003ರಲ್ಲಿ ಮಾರ್ಟಿನ್ ಅವರ ನಿಧಿಯ ಆರೋಹಣ ಕ್ಯಾಲಿಫೋರ್ನಿಯಾದ ಶಾಸ್ತಾ ಪರ್ವತದಲ್ಲಿ ನೆಲೆಯೂರಿತು. ಇವಾನ್ಸ್ 2000ದಲ್ಲಿ ಮೆದುಳಿನ ಗಡ್ಡೆಯಿಂದ ತೀರಿಕೊಂಡಿದ್ದರು. ಮಾರ್ಟಿನ್ ಕೂಡ ಅದೇ ಬಗೆಯ ಕಾಯಿಲೆಯಿಂದ 2003ರ ಆಗಸ್ಟ್‌ನಲ್ಲಿ ತೀರಿಕೊಂಡರು.